ಸಣ್ಣ ಕಿಸೆಯವರ ಚಿತ್ರಕಥಾ ಸಂಗ್ರಹ

ಸಂಗ್ರಹ ಎಂದ ಕೂಡಲೇ ನಮಗೆ ನಾಣ್ಯ, ಅಂಚೆಚೀಟಿಗಳ ನೆನಪಾಗುತ್ತದೆ. ಮಕ್ಕಳ ಚಿತ್ರಕಥೆ ಪುಸ್ತಕಗಳನ್ನು ಕೂಡಿಡುವವರನ್ನು ಕಂಡರೆ ಮಾತ್ರ ಜನ ನಗುತ್ತಾರೆ. "ಓದಿ ಆಯಿತಲ್ಲ, ಇನ್ನು ಗುಜರಿಗೆ ಕೊಡಿ" ಎನ್ನುತ್ತಾರೆ. ಈ ಹವ್ಯಾಸವನ್ನು ಕಡಿಮೆ ಖರ್ಚಿನಲ್ಲಿ ನಡೆಸುವುದು ಹೇಗೆ, ಅದು ನಮ್ಮ ಗಡಿನಾಡಿನವರಿಗೆ ಏಕೆ ಬೇಕು ಎಂಬುದನ್ನು ಇಂದು ನಿಮ್ಮ ಮುಂದಿಡುತ್ತೇನೆ.

ಮೊದಲಿಗೆ ಒಂದು ಪ್ರಶ್ನೆ. ಅಮರ ಚಿತ್ರ ಕಥೆಯ ಹಳೆಯ ಇಂಗ್ಲಿಷ್ ಮಾಲೆ ಆರಂಭವಾಗುವುದು 1ನೆಯ ಸಂಖ್ಯೆಯಿಂದಲ್ಲ, 11ರಿಂದ. ರಾಮ್ ವಾಯೀರ್ಕರ್ ಚಿತ್ರ ಬರೆದ 'ಕೃಷ್ಣ' ಆ ಹನ್ನೊಂದನೆಯ ಪುಸ್ತಕ. ಹಾಗಾದರೆ ಮೊದಲ ಹತ್ತು ಎಲ್ಲಿ ಹೋದವು? ಅವು ಕನ್ನಡದಲ್ಲಿದ್ದವು! 1965ರಲ್ಲಿ ಇಂಡಿಯಾ ಬುಕ್ ಹೌಸಿನ ಬೆಂಗಳೂರು ಶಾಖೆಯ ಜಿ.ಕೆ. ಅನಂತರಾಮ್ ಅವರ ಮುತುವರ್ಜಿಯಿಂದ ಪರದೇಶದ ಮಕ್ಕಳ ಕಥೆಗಳು ಕನ್ನಡದ ಚಿತ್ರಕಥೆಗಳಾಗಿ ಹೊರಬಂದವು. ಮುಂದೆ ಪುರಾಣ, ಇತಿಹಾಸಗಳನ್ನು ಎತ್ತಿಕೊಂಡು ಮಾಲೆಯನ್ನು ದೇಶದ ಮನೆಮನೆಗೆ ಮುಟ್ಟಿಸಿದವರು ಅನಂತ ಪೈ. ಅವರು ಹುಟ್ಟಿದ್ದು 1929ರಲ್ಲಿ, ಕಾರ್ಕಳದಲ್ಲಿ. ಆಗ ಕಾರ್ಕಳವೂ ನಮ್ಮ ಕಾಸರಗೋಡೂ ಒಂದೇ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದವು.

ಇಷ್ಟೆಲ್ಲ ನಮ್ಮದೇ ಆಗಿದ್ದರೂ ಆ ಮೊದಲ ಕನ್ನಡ ಪುಸ್ತಕಗಳು ಇಂದು ಕಣ್ಣಿಗೆ ಬೀಳುವುದು ಬಲು ಅಪರೂಪ. ಮಕ್ಕಳು ಓದಿದರು, ಹರಿದರು. ದೊಡ್ಡವರು ತೂಕಕ್ಕೆ ಹಾಕಿದರು. ಇಂಗ್ಲಿಷ್ ಪುಸ್ತಕಗಳನ್ನು ಕಾಯುವವರು ಎಲ್ಲ ಊರುಗಳಲ್ಲೂ ಇದ್ದಾರೆ. ನಮ್ಮ ಭಾಷೆಯ ಪ್ರತಿಗಳನ್ನು ನಾವು ಕಾಯದಿದ್ದರೆ ಬೇರೆ ಯಾರೂ ಕಾಯುವುದಿಲ್ಲ.

ಇನ್ನು ಖರ್ಚಿನ ವಿಷಯ. ಸಣ್ಣ ಕಿಸೆಯವರು ಮೊದಲು ಮಾಡಬೇಕಾದ ಕೆಲಸ ತಮ್ಮ ಸಂಗ್ರಹಕ್ಕೆ ಗಡಿ ಹಾಕಿಕೊಳ್ಳುವುದು. ಅಮರ ಚಿತ್ರ ಕಥೆಯಲ್ಲೇ ನಾನೂರಕ್ಕೂ ಹೆಚ್ಚು ಪುಸ್ತಕಗಳಿವೆ. 1964ರಿಂದ 1990ರವರೆಗೆ ಬಂದ ಇಂದ್ರಜಾಲ ಕಾಮಿಕ್ಸ್‌ನ ಸಂಚಿಕೆಗಳು ಸುಮಾರು ಎಂಟುನೂರು. ಎಲ್ಲವೂ ಬೇಕೆಂದರೆ ಪಿಂಚಣಿ ಸಾಲದು. ಒಬ್ಬನೇ ಚಿತ್ರಕಾರನ ಪುಸ್ತಕಗಳು, ಒಂದೇ ನಾಯಕನ ಕಥೆಗಳು, ಇಲ್ಲವೇ ನಮ್ಮ ಸುತ್ತಲಿನ ವಿಷಯಗಳು – ಹೀಗೆ ಯಾವುದಾದರೊಂದನ್ನು ಆರಿಸಿಕೊಳ್ಳಿ. ಅಮರ ಚಿತ್ರ ಕಥೆಯಲ್ಲಿ ಉಳ್ಳಾಲದ ರಾಣಿ ಅಬ್ಬಕ್ಕನೂ ಇದ್ದಾಳೆ, ವಡಕ್ಕನ್ ಪಾಟ್ಟಿನ ತಚ್ಚೋಳಿ ಒದೇನನೂ ಇದ್ದಾನೆ. ಒಬ್ಬಳು ನಮ್ಮ ಬಡಗಿನವಳು, ಒಬ್ಬ ನಮ್ಮ ತೆಂಕಿನವ.

ನಾನು ಆರಿಸಿಕೊಂಡದ್ದು ಕನ್ನಡ, ಮಲಯಾಳ ಎರಡರಲ್ಲೂ ಬಂದ ಕಥೆಗಳನ್ನು. 1949ರಲ್ಲಿ ಕನ್ನಡಕ್ಕೆ ಬಂದ ಚಂದಮಾಮನೇ ಮಲಯಾಳದಲ್ಲಿ ಅಂಬಿಳಿ ಅಮ್ಮಾವನ್. ಅದು ಪೂರ್ತಿ ಚಿತ್ರಕಥೆಯಲ್ಲ. ಆದರೆ ವಿಕ್ರಮ–ಬೇತಾಳರನ್ನು ಬರೆದ ಶಂಕರ್ ಅವರ ಚಿತ್ರ ಎರಡು ಭಾಷೆಯಲ್ಲೂ ಒಂದೇ. ಕೋಟ್ಟಯಂನ ಬಾಲಮಂಗಳಂನಲ್ಲಿ 1983ರಲ್ಲಿ ಹುಟ್ಟಿದ ಡಿಂಗನ್ ಎಂಬ ಇಲಿ ಕನ್ನಡದ ಬಾಲಮಂಗಳದಲ್ಲಿ ಡಿಂಗನಾದ. ಎರಡೂ ಪ್ರತಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟರೆ ಚಿತ್ರವೇ ದುಭಾಷಿ. ಶಾಲೆಯಲ್ಲಿ ಮಲಯಾಳ ಕಲಿಯುವ ಮೊಮ್ಮಗ ಮಲಯಾಳದಿಂದ ಕನ್ನಡಕ್ಕೆ ಬರುತ್ತಾನೆ. ಕನ್ನಡ ಮಾತ್ರ ಓದಬಲ್ಲ ಅಜ್ಜಿ ಅತ್ತ ಕಡೆ ಹೋಗುತ್ತಾಳೆ. ಮನೆಯಲ್ಲಿ ತುಳುವನ್ನೋ ಹವ್ಯಕವನ್ನೋ ಕೊಂಕಣಿಯನ್ನೋ ಬ್ಯಾರಿಯನ್ನೋ ಆಡುವ ನಮ್ಮ ಮಕ್ಕಳಿಗೆ ಕನ್ನಡ ಅಕ್ಷರ ಕೈತಪ್ಪುತ್ತಿರುವ ಈ ದಿನಗಳಲ್ಲಿ ಇದು ಸಣ್ಣ ಪ್ರಯೋಜನವಲ್ಲ.

ಎರಡನೆಯದು ಲೆಕ್ಕ. ಬ್ಯಾಂಕಿನಲ್ಲಿ ಲೆಡ್ಜರ್ ಬರೆದ ಕೈ ನನ್ನದು, ಹಾಗಾಗಿ ಹೇಳುತ್ತೇನೆ. ತಿಂಗಳಿಗೆ ಇನ್ನೂರು ರೂಪಾಯಿ ಎಂದು ತೆಗೆದಿಡಿ. ಉಳಿದರೆ ಮುಂದಿನ ತಿಂಗಳಿಗೆ ಸೇರಲಿ, ಮುಗಿದರೆ ಕಾಯಿರಿ. ಒಂದು ಪುಸ್ತಕದಲ್ಲಿ ಮಾಲೆಯ ಹೆಸರು, ಸಂಖ್ಯೆ, ಭಾಷೆ, ತಿಂಗಳು, ವರ್ಷ, ಕೊಟ್ಟ ಬೆಲೆ, ಈಗಿನ ಸ್ಥಿತಿ – ಇಷ್ಟನ್ನು ಬರೆದಿಡಿ. ಪೇಟೆಗೆ ಹೋಗುವಾಗ ಅದು ಚೀಲದಲ್ಲಿರಲಿ. ಇದ್ದದ್ದನ್ನೇ ಮತ್ತೆ ಕೊಳ್ಳುವುದು ತಪ್ಪುತ್ತದೆ. ಎರಡು ಪ್ರತಿ ಇದ್ದರೆ ಮಾರಬೇಡಿ, ವಿನಿಮಯಕ್ಕೆ ಇಡಿ.

ಮೊದಲ ಮುದ್ರಣವೇ ಬೇಕೆಂಬ ಹಟವೂ ಬೇಡ. ಅಮರ ಚಿತ್ರ ಕಥೆ ಮತ್ತೆ ಮತ್ತೆ ಅಚ್ಚಾಗಿದೆ. 500ರ ಮೇಲಿನ ಸಂಖ್ಯೆ ಕಂಡರೆ ಅದು ಸಾಮಾನ್ಯವಾಗಿ ಮರುಮುದ್ರಣ. ಓದುವವನಿಗೆ ಕಥೆ ಅದೇ, ಬೆಲೆ ಮಾತ್ರ ಕಡಿಮೆ.

ನಿಜವಾದ ಗಣಿ ಇರುವುದು ಗುಜರಿ ಅಂಗಡಿಯಲ್ಲಿ. ನಮ್ಮ ಮಲಯಾಳಿ ನೆರೆಯವರು ಹೇಳುವ ಆಕ್ರಿ ಕಡೆಯಲ್ಲಿ. ಏಪ್ರಿಲ್, ಮೇ ತಿಂಗಳಲ್ಲಿ ಶಾಲೆ ಮುಗಿದು, ಮಳೆಗೆ ಮೊದಲು ಅಟ್ಟ ಗುಡಿಸುವ ಕಾಲಕ್ಕೆ ಹಳೆಯ ಗಂಟುಗಳು ಹೊರಬೀಳುತ್ತವೆ. ಹಳೆ ಮನೆ ಕೆಡಹುವಾಗಲೂ ಅಷ್ಟೇ. ಗುಜರಿಯವರಿಗೆ ಮೊದಲೇ ಹೇಳಿಡಿ. ತೂಕದ ದರಕ್ಕಿಂತ ನಾಲ್ಕು ಕಾಸು ಹೆಚ್ಚೇ ಕೊಡಿ. ಮುಂದಿನ ಸಲ ಅವರೇ ನಿಮ್ಮನ್ನು ಕರೆಯುತ್ತಾರೆ.

ತಂದ ಮೇಲೆ ಕಾಯುವುದು ದೊಡ್ಡ ಕೆಲಸ. ನಮ್ಮ ಮಳೆಗೆ ಕಾಗದ ಮೆದುವಾಗುತ್ತದೆ, ಬೂಸ್ಟು ಹಿಡಿಯುತ್ತದೆ. ಅಗ್ಗದ ಕಾಗದದಲ್ಲಿ ಮರದ ಅಂಶವೂ ಆಮ್ಲವೂ ಇರುವುದರಿಂದ ಬೆಳಕು ತಾಗಿದಂತೆ ಹಳದಿಯಾಗಿ ಮುರಿಯುತ್ತದೆ. ಆದ್ದರಿಂದ ಗೋಡೆಗೆ ತಾಗಿಸದೆ, ನೆಲದಿಂದ ಎತ್ತರದಲ್ಲಿ, ಬಿಸಿಲು ಬೀಳದ ಕಪಾಟಿನಲ್ಲಿಡಿ. ಪ್ಲಾಸ್ಟಿಕ್ ಚೀಲದ ಬಾಯಿ ಬಿಗಿದು ಇಡಬೇಡಿ, ಒಳಗಿನ ತೇವ ಒಳಗೇ ಉಳಿಯುತ್ತದೆ. ತುಕ್ಕು ಹಿಡಿದ ಪಿನ್ನು ತೆಗೆದು ಹತ್ತಿನೂಲಿನಿಂದ ಹೊಲಿಯಿರಿ. ಹರಿದಲ್ಲಿ ಸೆಲೋಟೇಪ್ ಹಚ್ಚಬೇಡಿ. ಅದರ ಅಂಟು ಕೆಲವು ವರ್ಷಗಳಲ್ಲಿ ಕಂದು ಕಲೆಯಾಗುತ್ತದೆ. ತೆಳು ಕಾಗದ, ತೆಳ್ಳಗಿನ ಮೈದಾ ಅಂಟು ಸಾಕು. ದಪ್ಪ ಅಂಟು ಹುಳಗಳಿಗೆ ಊಟ. ತಾಳೆಗರಿಗೆ ನಮ್ಮ ಹಿರಿಯರು ಇಡುತ್ತಿದ್ದ ಬಜೆಯ ತುಂಡನ್ನೂ ಒಣಗಿದ ಬೇವಿನೆಲೆಯನ್ನೂ ಬಟ್ಟೆಯಲ್ಲಿ ಕಟ್ಟಿ ಇಡಿ. ಆಟಿಯ ಮಳೆ ಕಳೆದು ಬಿಸಿಲು ಬಂದಾಗ ನೆರಳಿನಲ್ಲಿ ಪುಟ ಬಿಚ್ಚಿ ಗಾಳಿಗೆ ಹರವಿ.

ಕೊನೆಯ ಮಾತು. ಬೀಗ ಹಾಕಿದ ಕಪಾಟು ಸಂಗ್ರಹವಲ್ಲ, ಠೇವಣಿ ಮಾತ್ರ. ನೆರೆಮನೆಯ ಮಕ್ಕಳು ಕೈತೊಳೆದು ಬಂದು ಕೂತು ಓದಲಿ. 1945ರಲ್ಲಿ ಪಿ.ಎನ್. ಪಣಿಕ್ಕರ್ ಅವರು ಗ್ರಂಥಶಾಲಾ ಸಂಘ ಕಟ್ಟಿದ ನಾಡು ನಮ್ಮದು. ಅವರ ನೆನಪಿನ ಜೂನ್ 19ರ ವಾಚನ ದಿನಕ್ಕೆ ನಿಮ್ಮ ಎರಡನೆಯ ಪ್ರತಿಗಳನ್ನು ಊರಿನ ಗ್ರಂಥಾಲಯಕ್ಕೆ ಕೊಡಬಹುದು. ಇನ್ನು ಮುಂದೆ ಹಳೆಯ ಪುಸ್ತಕದ ಗಂಟನ್ನು ತೂಕಕ್ಕೆ ಹಾಕುವ ಮೊದಲು ಒಮ್ಮೆ ಬಿಚ್ಚಿ ನೋಡಿ. ಒಳಗೆ ಕನ್ನಡದ ಚಿತ್ರಕಥೆಯೊಂದು ಇದ್ದರೂ ಇರಬಹುದು.