‘ಶಲ್ ಬಿ’, ‘ಮೇ ಬಿ’: ಆದೇಶದ ಇಂಗ್ಲಿಷನ್ನು ಓದುವ ಬಗೆ

ಇಂಗ್ಲಿಷ್ ಅಧಿನಿಯಮ, ಸುತ್ತೋಲೆಗಳಲ್ಲಿ ಕ್ರಿಯಾಪದವು ಹಲವೆಡೆ ಕರ್ಮಣಿ ಪ್ರಯೋಗದಲ್ಲಿರುತ್ತದೆ. ಅದಕ್ಕೆ ಮೊದಲು ಬರುವ ‘ಶಲ್’, ‘ಮಸ್ಟ್’, ‘ಮೇ’, ‘ಶುಡ್’ ಎಂಬ ಸಹಾಯಕ ಪದವು ಕೆಲಸ ಕಡ್ಡಾಯವೋ, ಐಚ್ಛಿಕವೋ, ಸಲಹೆಯೋ ಎಂಬುದನ್ನು ಸೂಚಿಸುತ್ತದೆ.

ಸಂವಿಧಾನದ 243ಡಿ ಅನುಚ್ಛೇದದ (1)ನೇ ಖಂಡವನ್ನು ಸದಸ್ಯರು ಗಮನಿಸಬಹುದು. ಪ್ರತಿಯೊಂದು ಪಂಚಾಯಿತಿಯಲ್ಲಿ ಪರಿಶಿಷ್ಟ ಜಾತಿ ಹಾಗೂ ಪರಿಶಿಷ್ಟ ಪಂಗಡಗಳಿಗೆ ಸ್ಥಾನಗಳು ‘ಶಲ್ ಬಿ ರಿಸರ್ವ್ಡ್’ ಎಂದಿದೆ, ಅಂದರೆ ಮೀಸಲಿಡತಕ್ಕದ್ದು. ಅದೇ ಖಂಡದ ಕೊನೆಯಲ್ಲಿ, ಆ ಸ್ಥಾನಗಳು ಬೇರೆ ಬೇರೆ ಕ್ಷೇತ್ರಗಳಿಗೆ ಸರದಿಯಂತೆ ‘ಮೇ ಬಿ ಅಲಾಟೆಡ್’ ಎಂದಿದೆ, ಅಂದರೆ ಹಂಚಬಹುದು. ಇಲ್ಲಿನ ‘ಮೇ ಬಿ’ ಎಂಬುದು ‘ಇರಬಹುದೇನೋ’ ಎಂಬ ಸಂದೇಹವಲ್ಲ, ಕಾನೂನು ನೀಡಿದ ಅಧಿಕಾರ. ಹಾಗೆಂದು ‘ಮೇ’ ಕಂಡಲ್ಲೆಲ್ಲ ಕೈಬಿಡಬಹುದೆಂದು ತೀರ್ಮಾನಿಸಲಾಗದು. ಕಾಯಿದೆಯ ಉದ್ದೇಶ ಮತ್ತು ಸಂದರ್ಭವನ್ನು ನೋಡಿ ನ್ಯಾಯಾಲಯಗಳು ‘ಮೇ’ ಎಂಬುದನ್ನು ಕಡ್ಡಾಯವೆಂದೂ ‘ಶಲ್’ ಎಂಬುದನ್ನು ಕೇವಲ ನಿರ್ದೇಶನಾತ್ಮಕವೆಂದೂ ಅರ್ಥೈಸಿರುವುದುಂಟು.

‘ಶುಡ್ ಬಿ’ ವ್ಯಾಕರಣದ ಪ್ರಕಾರ ಸಲಹೆ. ಮೇಲಿನ ಕಚೇರಿಯ ಪತ್ರದಲ್ಲಿ ಬಂದಾಗ ಸಲಹೆಯೆಂದು ಓದುವವರು ವಿರಳ.

ಈ ಪ್ರಯೋಗದ ಮುಖ್ಯ ತೊಡಕು ಕರ್ತೃವಿನದು. ‘ಬೈ’ ಎಂಬ ಪದದೊಡನೆ ಹೊಣೆಗಾರರನ್ನು ಹೆಸರಿಸದಿದ್ದರೆ, ಕೆಲಸವಿದ್ದೂ ಮಾಡುವವರು ಕಾಣುವುದಿಲ್ಲ. ನಮ್ಮ ‘ತಕ್ಕದ್ದು’ ಎಂಬುದಕ್ಕೂ ಇದೇ ದೋಷವಿದೆ. ‘ಕೊಳವೆಬಾವಿಯ ಪಂಪನ್ನು ದುರಸ್ತಿಪಡಿಸತಕ್ಕದ್ದು’ ಎಂದಷ್ಟೇ ನಡವಳಿಯಲ್ಲಿ ದಾಖಲಾದರೆ ಮುಂದಿನ ಸಭೆಯಲ್ಲಿ ಯಾರನ್ನು ಪ್ರಶ್ನಿಸುವುದು? (‘ದುರಸ್ತಿಪಡಿಸಲ್ಪಡತಕ್ಕದ್ದು’ ಎಂಬ ಅನುವಾದವಂತೂ ಕನ್ನಡಕ್ಕೆ ಒಗ್ಗದು.) ‘ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರು 15 ದಿನಗಳೊಳಗೆ ದುರಸ್ತಿ ಮಾಡಿಸತಕ್ಕದ್ದು’ ಎಂದು ಬರೆಯಿಸಿ, ಓದಿದ ನಂತರವೇ ಸದಸ್ಯರು ಸಹಿ ಮಾಡುವುದು.