ನೆಟ್‌ಗೆ ಹಾಕಿದರೆ ಉಳಿಯಿತೇ? ಪುಣೆಯ ಕನ್ನಡಿಗರಿಗಾಗಿ ಕೆಲವು ಸತ್ಯಗಳು

ಪುಣೆಯ ಕನ್ನಡ ಕುಟುಂಬಗಳಲ್ಲಿ ಹೊಸ ಆ್ಯಪ್‌ಗಳಿಗೆ ಒಳ್ಳೆಯ ಸ್ವಾಗತವಿದೆ. ಹಿಂಜವಡಿಯಲ್ಲಿ ಕೆಲಸ ಮಾಡುವ ಮಕ್ಕಳು ಇನ್‌ಸ್ಟಾಲ್ ಮಾಡಿಕೊಡುತ್ತಾರೆ, ಕೊಥ್ರೂಡಿನ ಅಜ್ಜಿ ಅದರಲ್ಲೇ ಧಾರವಾಡದ ತಂಗಿಯ ಮುಖ ನೋಡುತ್ತಾರೆ. ಊರು ಬಿಟ್ಟು ಬಂದವರಿಗೆ ಇದು ಸಣ್ಣ ಅನುಕೂಲವೇನಲ್ಲ. ಈ ಉತ್ಸಾಹ ಬೆಳೆಯಲಿ ಎನ್ನುವವನು ನಾನು. ಆದರೆ ಅದರ ಜೊತೆಗೇ ಬೆಳೆದಿರುವ ಕೆಲವು ತಪ್ಪು ಕಲ್ಪನೆಗಳಿಂದ ನಮ್ಮ ಬರಹ, ಫೋಟೊಗಳು ಕಣ್ಣೆದುರೇ ಕಳೆದುಹೋಗುತ್ತಿವೆ.

‘ಒಮ್ಮೆ ನೆಟ್‌ಗೆ ಹಾಕಿದರೆ ಆಯಿತು, ಶಾಶ್ವತವಾಗಿ ಇರುತ್ತದೆ’ ಎಂಬುದು ಮೊದಲನೆಯದು. ಹಾಗಿರುವುದಿಲ್ಲ. ಆರ್ಕುಟ್ 2014ರ ಸೆಪ್ಟೆಂಬರ್ 30ಕ್ಕೆ ಬಾಗಿಲು ಹಾಕಿತು. ಗೂಗಲ್ ಪ್ಲಸ್ 2019ರ ಏಪ್ರಿಲ್‌ನಲ್ಲಿ, ಯಾಹೂ ಗ್ರೂಪ್ಸ್ 2020ರ ಡಿಸೆಂಬರ್‌ನಲ್ಲಿ ಮುಚ್ಚಿದವು. ಕನ್ನಡದಲ್ಲೇ ಮೊದಲು ಶುರುವಾದ ಬೆಂಗಳೂರಿನ ಕೂ ಕೂಡ 2024ರಲ್ಲಿ ನಿಂತಿತು. ಇವುಗಳನ್ನು ಕಟ್ಟಿದವರು ದಡ್ಡರೂ ಅಲ್ಲ, ಬಳಸಿದವರು ಮೂರ್ಖರೂ ಅಲ್ಲ. ಖರ್ಚು ಹುಟ್ಟದಿದ್ದರೆ ಯಾವ ಸೇವೆಯೂ ನಿಲ್ಲುತ್ತದೆ, ಅಷ್ಟೇ. ಮುಚ್ಚುವ ಮೊದಲು ಇವುಗಳಲ್ಲಿ ಹಲವು ‘ನಿಮ್ಮ ಮಾಹಿತಿಯನ್ನು ಇಳಿಸಿಕೊಳ್ಳಿ’ ಎಂದು ಗಡುವು ಕೊಟ್ಟಿದ್ದವು. ಗಡುವಿನೊಳಗೆ ಇಳಿಸಿಕೊಂಡವರಿಗಷ್ಟೇ ತಮ್ಮದು ಸಿಕ್ಕಿತು.

ವಾಟ್ಸ್‌ಆ್ಯಪ್ ವಿಷಯದಲ್ಲಿ ಈ ಕಲ್ಪನೆ ಇನ್ನೂ ಗಟ್ಟಿ. ರಾಜ್ಯೋತ್ಸವದ ಫೋಟೊ ಬೇಕೆಂದು ಕೇಳಿದರೆ ‘ಗ್ರೂಪ್‌ನಲ್ಲಿ ಇದೆಯಲ್ಲ’ ಎನ್ನುತ್ತಾರೆ. ಆದರೆ ಗ್ರೂಪ್ ಎಂಬುದು ಕಪಾಟಲ್ಲ. ಸಂದೇಶ ತಲುಪಿದ ಮೇಲೆ ಅದು ಇರುವುದು ನಮ್ಮ ನಮ್ಮ ಫೋನುಗಳಲ್ಲಿ, ಕಂಪನಿಯ ಸರ್ವರ್‌ನಲ್ಲಿ ಅಲ್ಲ. ಹಳೆಯ ಫೋಟೊದ ಮೇಲೆ ಒತ್ತಿದಾಗ ಡೌನ್‌ಲೋಡ್ ಆಗದೆ, ಕಳಿಸಿದವರನ್ನೇ ಮತ್ತೆ ಕೇಳಿ ಎಂದು ಬರುವುದು ಇದೇ ಕಾರಣಕ್ಕೆ. ಕಳಿಸಿದವರೂ ಫೋನ್ ಬದಲಿಸಿದ್ದರೆ ಕಥೆ ಮುಗಿಯಿತು.

‘ಕಂಪ್ಯೂಟರಿನಲ್ಲಿ ಕನ್ನಡ ಬಂದದ್ದು ದೊಡ್ಡ ಅಮೆರಿಕನ್ ಕಂಪನಿಗಳ ದಯೆಯಿಂದ’ ಎಂಬ ಮಾತು ಪುಣೆಯಲ್ಲೇ ಕೇಳಿಬಂದಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ, ಏಕೆಂದರೆ ಆ ಕೆಲಸದ ದೊಡ್ಡ ಪಾಲು ನಡೆದದ್ದು ಇದೇ ಊರಿನಲ್ಲಿ. 1988ರಲ್ಲಿ ಇಲ್ಲಿ ಸಿ-ಡ್ಯಾಕ್ ಹುಟ್ಟಿತು. ಅದು 1991ರಲ್ಲಿ ಕಟ್ಟಿದ ಪರಮ್ 8000 ಸೂಪರ್ ಕಂಪ್ಯೂಟರಿನ ಹೆಸರು ಎಲ್ಲರಿಗೂ ಗೊತ್ತು. ಅದೇ ಸಂಸ್ಥೆಯ ಜಿಸ್ಟ್ ತಂಡದ ಹೆಸರು ಅಷ್ಟು ಗೊತ್ತಿಲ್ಲ. ಕಾನ್ಪುರದ ಐಐಟಿಯಲ್ಲಿ ಶುರುವಾಗಿ ಪುಣೆಗೆ ಬಂದ ಈ ತಂತ್ರಜ್ಞಾನ ಭಾರತೀಯ ಲಿಪಿಗಳನ್ನೆಲ್ಲ ಒಂದೇ ಚೌಕಟ್ಟಿನಲ್ಲಿ ಕಂಪ್ಯೂಟರಿಗೆ ತಂದಿತು. ಇಸ್ಕಿ ಎಂಬ ಸಂಕೇತ ಪದ್ಧತಿ 1991ರಲ್ಲಿ ರಾಷ್ಟ್ರೀಯ ಮಾನಕವಾಯಿತು. ಇಂದು ನಮ್ಮ ಫೋನಿನಲ್ಲಿರುವ ಯುನಿಕೋಡ್ ಕನ್ನಡ ಅಕ್ಷರಗಳನ್ನು ಜೋಡಿಸಿಕೊಂಡದ್ದು ಇಸ್ಕಿಯ 1988ರ ಆವೃತ್ತಿಯ ಕ್ರಮದಲ್ಲೇ. ಇನ್‌ಸ್ಕ್ರಿಪ್ಟ್ ಕೀಲಿಮಣೆಯಲ್ಲಿ ಮರಾಠಿಯ ‘ಕ’ ಇರುವ ಕೀಲಿಯಲ್ಲೇ ಕನ್ನಡದ ‘ಕ’ ಇದೆ. ಪುಣೆಯ ಶಾಲೆಯಲ್ಲಿ ಮರಾಠಿ ಟೈಪಿಂಗ್ ಅನ್ನು ಹೀಗೆ ಕಲಿತ ಕನ್ನಡದ ಹುಡುಗಿಗೆ ಕನ್ನಡ ಟೈಪಿಂಗ್ ಮುಕ್ಕಾಲು ಪಾಲು ಬಂದಂತೆಯೇ.

ಕನ್ನಡದ ಮುದ್ರಣಾಲಯಗಳು, ಡಿಟಿಪಿ ಅಂಗಡಿಗಳು ವರ್ಷಗಟ್ಟಲೆ ಬಳಸಿದ ಶ್ರೀಲಿಪಿಯೂ ಪುಣೆಯ ಮಾಡ್ಯುಲರ್ ಇನ್ಫೋಟೆಕ್‌ನದೇ. ಅದು ನಮ್ಮ ಪುಸ್ತಕೋದ್ಯಮಕ್ಕೆ ಮಾಡಿದ ಉಪಕಾರ ದೊಡ್ಡದು. ಆ ಕಾಲದ ಫೈಲುಗಳನ್ನು ಕುರಿತು ಇನ್ನೊಂದು ತಪ್ಪು ತಿಳಿವಳಿಕೆ ಇದೆ: ‘ಪರದೆಯಲ್ಲಿ ಕನ್ನಡ ಕಾಣುತ್ತಿದೆ, ಅಂದಮೇಲೆ ಫೈಲಿನಲ್ಲಿ ಕನ್ನಡವಿದೆ.’ ಯುನಿಕೋಡ್‌ಗೆ ಮುಂಚಿನ ಹೆಚ್ಚಿನ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅದೇ ಲೇಖನ ಅರ್ಥವಿಲ್ಲದ ರೋಮನ್ ಅಕ್ಷರ, ಚಿಹ್ನೆಗಳ ರಾಶಿಯಾಗುತ್ತದೆ. ಹುಡುಕಿದರೆ ಸಿಗುವುದಿಲ್ಲ, ಅನುವಾದದ ಆ್ಯಪ್‌ಗೂ ಅರ್ಥವಾಗುವುದಿಲ್ಲ. ಪಿಡಿಎಫ್ ಮಾಡಿಟ್ಟರೆ ನೋಡಲು ಚೆಂದವೇ, ಕಾಪಿ ಮಾಡಿದರೆ ಮತ್ತದೇ ರಾಶಿ. ಮನೆಯಲ್ಲಿ ಹಿರಿಯರ ಹಳೆಯ ಕಥೆ, ಸಂಘದ ಸ್ಮರಣ ಸಂಚಿಕೆ ಇಂಥ ಫೈಲುಗಳಲ್ಲಿದ್ದರೆ ಈಗಲೇ ಯುನಿಕೋಡ್‌ಗೆ ಪರಿವರ್ತಿಸಿಡಿ. ಪರಿವರ್ತಕಗಳು ಉಚಿತವಾಗಿಯೇ ಸಿಗುತ್ತವೆ. ಒತ್ತು, ರೇಫಗಳಲ್ಲಿ ತಪ್ಪು ಉಳಿಯಬಹುದು, ಒಮ್ಮೆ ಓದಿ ತಿದ್ದಬೇಕು.

ಉಚಿತ ಎಂದ ಕೂಡಲೇ ಅದು ಸದಾ ಉಚಿತ ಎಂದೂ ಅಲ್ಲ. ಗೂಗಲ್ ಫೋಟೋಸ್ 2015ರಲ್ಲಿ ಬಂದಾಗ ತುಸು ಕುಗ್ಗಿಸಿದ ಚಿತ್ರಗಳನ್ನು ಮಿತಿಯಿಲ್ಲದೆ ಇಡಬಹುದಿತ್ತು. 2021ರ ಜೂನ್ 1ರಿಂದ ಹೊಸ ಚಿತ್ರಗಳೆಲ್ಲ 15 ಜಿಬಿಯ ಲೆಕ್ಕಕ್ಕೆ ಸೇರತೊಡಗಿದವು. ಹಾಗೆಯೇ, ಫೋನಿನಿಂದ ಆ್ಯಪ್ ಅಳಿಸಿದರೆ ಖಾತೆ ಅಳಿಯುವುದಿಲ್ಲ. ಖಾತೆಯನ್ನು ಸೆಟ್ಟಿಂಗ್ಸ್‌ಗೆ ಹೋಗಿ ಪ್ರತ್ಯೇಕವಾಗಿಯೇ ಅಳಿಸಬೇಕು.

ಹಾಗಾದರೆ ಹೊಸದನ್ನು ಮುಟ್ಟಲೇಬಾರದೆ? ಖಂಡಿತ ಮುಟ್ಟಿ. ಸೇರಿದ ದಿನವೇ ಸೆಟ್ಟಿಂಗ್ಸ್‌ನಲ್ಲಿ ಎಕ್ಸ್‌ಪೋರ್ಟ್ ಅಥವಾ ಡೌನ್‌ಲೋಡ್ ಎಂಬ ಆಯ್ಕೆ ಇದೆಯೇ ನೋಡಿ. ಗೂಗಲ್ 2011ರಿಂದ ಟೇಕ್‌ಔಟ್ ಕೊಡುತ್ತಿದೆ, ವಾಟ್ಸ್‌ಆ್ಯಪ್‌ನಲ್ಲಿ ಒಂದೊಂದು ಮಾತುಕತೆಯನ್ನೂ ಎಕ್ಸ್‌ಪೋರ್ಟ್ ಮಾಡಬಹುದು. ಆ ದಾರಿಯೇ ಇಲ್ಲದ ಆ್ಯಪ್‌ನಲ್ಲಿ ಹರಟೆ ಹೊಡೆಯಿರಿ, ಅಪ್ಪನ ಆತ್ಮಕಥೆಯನ್ನು ಮಾತ್ರ ಟೈಪ್ ಮಾಡಬೇಡಿ.