ಪೆಟ್ಟಿಲ್ಲದೆ ಬಿರಿದ ಹಿತ್ತಾಳೆ

ಕೆನೆತ್ ಆಂಡರ್‌ಸನ್ನರ ಬೇಟೆಯ ಕಥೆಗಳನ್ನು ಓದಿದವರಿಗೆ ಕಡೂರು ಸೀಮೆಯ ಎಮ್ಮೆದೊಡ್ಡಿ ಅಪರಿಚಿತವಾದ ಊರಲ್ಲ. 1954ರಲ್ಲಿ ಹೊರಬಂದ ಅವರ ಪುಸ್ತಕವೊಂದರಲ್ಲಿ ಇಲ್ಲಿಯ ನರಭಕ್ಷಕ ಹುಲಿಗೆ ಒಂದು ಅಧ್ಯಾಯವೇ ಮೀಸಲಾಗಿದೆ. ಕಳೆದ ವರ್ಷ ತರಗತಿಯಲ್ಲಿ ಆ ಕಥೆಯ ಪ್ರಸ್ತಾಪ ಬಂದಾಗ ಆಂಡರ್‌ಸನ್ನರ ಕೈಯಲ್ಲಿದ್ದದ್ದು ಅಮೆರಿಕೆಯ .405 ವಿಂಚೆಸ್ಟರ್ ರೈಫಲ್ ಎಂದು ಹೇಳಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, “ತೋಟೆ ಮುಗಿದರೆ ಏನು ಮಾಡುತ್ತಿದ್ದರು, ಸಾರ್?” ಎಂದು ಕೇಳಿದ. “ಹಿತ್ತಾಳೆಯ ಖಾಲಿ ತೋಟೆ ದೊರೆತರೆ ತಾವೇ ತುಂಬಿಕೊಳ್ಳುವವರೂ ಉಂಟಪ್ಪ” ಎಂದೆ. ಪಾಠ ಮುಂದುವರಿಯಿತು. ನನ್ನ ಮನಸ್ಸು ಮಾತ್ರ ಮುಂದುವರಿಯಲಿಲ್ಲ. ಅದು ಎಮ್ಮೆದೊಡ್ಡಿಯ ನಮ್ಮಜ್ಜನ ಮನೆಯ ಜಗಲಿಗೆ ಹೋಗಿ ಕುಳಿತಿತು.

ಅಜ್ಜನ ಬಳಿ ಬೆಳೆರಕ್ಷಣೆಗೆಂದು ಪರವಾನಗಿ ಪಡೆದ ಜೋಡುನಳಿಗೆಯ ತೋಟೆಕೋವಿಯೊಂದಿತ್ತು. 1972ರ ವನ್ಯಜೀವಿ ಕಾಯಿದೆ ಬಂದ ಮೇಲೆ ಬೇಟೆಯ ಮಾತಿರಲಿಲ್ಲ; ರಾಗಿಯ ಹೊಲಕ್ಕೆ ಹಂದಿಯ ಹಿಂಡು ಬಿದ್ದಾಗ ಬಾನಿಗೆ ಒಂದು ಈಡು ಹಾರಿಸಿ ಓಡಿಸುವುದಷ್ಟೇ ಅದರ ಕೆಲಸ. ನಾನು ಹನ್ನೊಂದರ ಹುಡುಗನಾಗಿದ್ದಾಗ ಅಜ್ಜ ಇಪ್ಪತ್ತೈದು ಹೊಸ ಹಿತ್ತಾಳೆ ತೋಟೆಗಳನ್ನು ತಂದರು. ಹೊಸದೆಂದ ಮೇಲೆ ಹಾಗೆಯೇ ತುಂಬಬಹುದಲ್ಲ ಎಂದು ನನ್ನ ಎಣಿಕೆ. ಅಜ್ಜ ಒಪ್ಪುವವರಲ್ಲ. ಒಂದೊಂದನ್ನೂ ಬೆಳಕಿಗೆ ಹಿಡಿದು, ಕೇಪು ಕೂರುವ ಗುಳಿಯನ್ನೂ ಕಿಡಿ ಹಾಯುವ ತೂತನ್ನೂ ನೋಡಿ, ಬಾಯಂಚಿನ ಸುತ್ತ ಉಗುರು ಆಡಿಸುವರು. ದಾರಿಯಲ್ಲಿ ಒಂದಕ್ಕೊಂದು ತಗುಲಿ ಆರು ತೋಟೆಗಳ ಬಾಯಿ ನೆಗ್ಗಿತ್ತು. ನಮ್ಮ ಮನೆಯ ಆಳು ಮರದ ಗೂಟವನ್ನು ಅವುಗಳ ಬಾಯಿಗಿಟ್ಟು, ಮಗುವಿನ ಬೆನ್ನು ತಟ್ಟಿದಷ್ಟು ಮೆಲ್ಲಗೆ ತಟ್ಟಿ, ದುಂಡಗೆ ಮಾಡಿದ. ಆಮೇಲೆ ಹುಣಸೆಹಣ್ಣು ಹಚ್ಚಿ ತೊಳೆದು, ಒಣಗಿಸಿ, ತಗಡಿನ ಡಬ್ಬಿಗೆ ತುಂಬಿದರು. “ನಡುಮನೆಯ ಗೂಡಿನಲ್ಲಿಟ್ಟು ಬಾ” ಎಂದು ಅಜ್ಜ ನನ್ನ ಕೈಗೆ ಕೊಟ್ಟರು.

ಅದೇ ದಿನ ಮದಗದ ಕೆರೆ ಕೋಡಿ ಬಿದ್ದ ಸುದ್ದಿ ಬಂದಿತ್ತು. ಗೆಳೆಯರು ಬೇಲಿಯಾಚೆ ಕೂಗುತ್ತಿದ್ದರು. ನಡುಮನೆಗೆ ಸುತ್ತಿ ಹೋಗುವಷ್ಟು ತಾಳ್ಮೆ ಯಾರಿಗಿತ್ತು? ಹತ್ತಿರದಲ್ಲೇ ಇದ್ದ ಎಮ್ಮೆಯ ಕೊಟ್ಟಿಗೆಯ ಅಟ್ಟಕ್ಕೆ ಡಬ್ಬಿಯನ್ನು ತಳ್ಳಿ ಓಡಿದೆ.

ಮಳೆಗಾಲವೆಲ್ಲ ಅದು ಅಲ್ಲಿಯೇ ಇತ್ತು. ರಾಗಿ ತೆನೆಗಟ್ಟುವ ಹೊತ್ತಿಗೆ ನಾನೇ ಗುಟ್ಟಾಗಿ ಇಳಿಸಿ ಗೂಡಿನಲ್ಲಿಟ್ಟೆ. ಅಜ್ಜ ತೆರೆದು ನೋಡಿದರೆ ಹನ್ನೊಂದು ತೋಟೆಗಳ ಬಾಯಿ ಕೂದಲೆಳೆಯಷ್ಟು ಸಣ್ಣಗೆ, ಉದ್ದಕ್ಕೆ ಸೀಳಿತ್ತು. “ಗೂಟ ಬಡಿಯುವಾಗ ಕೈ ಹಿಡಿತ ಬೇಡವೇನೋ?” ಎಂದು ಅಜ್ಜ ಆಳಿನ ಮೇಲೆ ಹರಿಹಾಯ್ದರು. “ನಾನು ಬಡಿದಿಲ್ಲ, ಗೌಡ್ರೆ” ಎಂದು ಅವನು ಒಂದೇ ಮಾತು ಹೇಳಿದ. ಹದಿನಾಲ್ಕು ವರ್ಷ ನಮ್ಮ ಮನೆಯಲ್ಲಿ ದುಡಿದವನು ಮರುದಿನ ಬರಲಿಲ್ಲ. ನಾನು ಕಂಬದ ಮರೆಯಲ್ಲಿ ನಿಂತಿದ್ದೆ. ಡಬ್ಬಿ ಎಲ್ಲಿತ್ತೆಂಬುದನ್ನು ಬಾಯಿಬಿಡಲಿಲ್ಲ. ಕೊಟ್ಟಿಗೆಗೂ ಸೀಳಿಗೂ ಸಂಬಂಧವುಂಟೆಂದು ಆಗ ನನಗೆ ತಿಳಿಯದು, ನಿಜ. ಆದರೆ ನನ್ನನ್ನು ತಡೆದದ್ದು ಅಜ್ಞಾನವಲ್ಲ, ಬೈಗುಳದ ಭಯ.

ಸಂಬಂಧವುಂಟೆಂದು ತಿಳಿಸಿದವರು ನಮ್ಮ ಕಾಲೇಜಿನ ರಸಾಯನಶಾಸ್ತ್ರದ ಅಧ್ಯಾಪಕರು. ಹುಡುಗನ ಪ್ರಶ್ನೆಯ ನೆವದಲ್ಲಿ ಈ ಹಳೆಯ ಕಥೆ ಹೇಳಿದಾಗ ಅವರು ನಕ್ಕು, “ಇದು ಬ್ರಿಟಿಷರ ಸೈನ್ಯವನ್ನೇ ಕಾಡಿದ ರೋಗ” ಎಂದರು. ಭಾರತದಲ್ಲಿದ್ದ ಅವರ ದಂಡಿನ ತೋಟೆಗಳು ಮಳೆಗಾಲದಲ್ಲಿ, ಅದರಲ್ಲೂ ಕುದುರೆ ಲಾಯದ ಬಳಿ ಇಟ್ಟಾಗ, ಯಾರೂ ಮುಟ್ಟದೆಯೇ ಬಿರಿಯುತ್ತಿದ್ದವಂತೆ. ಋತುವನ್ನನುಸರಿಸಿ ಬರುವುದರಿಂದ ಅದಕ್ಕೆ ‘ಋತುಬಿರುಕು’ ಎಂಬರ್ಥದ ಹೆಸರೇ ಬಿತ್ತು. 1921ರಲ್ಲಿ ಮೂರ್, ಬೆಕಿನ್ಸೇಲ್, ಮ್ಯಾಲಿನ್ಸನ್ ಎಂಬ ಮೂವರು ಅದರ ಕಾರಣವನ್ನು ವಿವರಿಸಿದರು. ಗಂಜಲದಿಂದೇಳುವ ಅಮೋನಿಯ ತೇವದ ಗಾಳಿಯೊಡನೆ ಸೇರಿ ಹಿತ್ತಾಳೆಯೊಳಗಿನ ತಾಮ್ರವನ್ನು ಕಣಕಣಗಳ ಸಂದಿನಲ್ಲಿ ಕರಗಿಸುತ್ತದೆ. ಆದರೆ ಅದೊಂದೇ ಸಾಲದು. ಲೋಹದೊಳಗೆ ಮೊದಲೇ ಒಂದು ಬಿಗುವಿರಬೇಕು.

ಆ ಬಿಗುವು ಬರುವುದೆಲ್ಲಿಂದ? ತೋಟೆಗೆ ಬಳಸುವ ಹಿತ್ತಾಳೆಯಲ್ಲಿ ನೂರಕ್ಕೆ ಸುಮಾರು 70 ಪಾಲು ತಾಮ್ರ, 30 ಪಾಲು ಸತು. ಅದರ ಬಿಲ್ಲೆಯನ್ನು ಅಚ್ಚಿನಲ್ಲಿ ಮತ್ತೆ ಮತ್ತೆ ಒತ್ತಿ, ಎಳೆದು, ಕೊಳವೆಯಾಗಿಸುತ್ತಾರೆ. ಎಳೆದಷ್ಟೂ ಲೋಹ ಗಡುಸಾಗಿ, ಒಳಗೇ ಸೆಟೆದುಕೊಳ್ಳುತ್ತದೆ. ಆ ಸೆಡವನ್ನು ಬಿಡಿಸಲು ಹದವರಿತು ಕಾಯಿಸಬೇಕು. ರೈಫಲ್ಲಿನ ತೋಟೆಗೆ ಇದು ಇನ್ನೂ ಮುಖ್ಯ. ಗುಂಡನ್ನು ಕಚ್ಚಿ ಹಿಡಿಯುವುದೂ, ಹಾರಿಸಿದಾಗ ಹಿಗ್ಗಿ ಅನಿಲ ಹಿಂದಕ್ಕೆ ನುಗ್ಗದಂತೆ ತಡೆಯುವುದೂ ಅದರ ತೆಳುವಾದ ಕಂಠವೇ. ಸೈನ್ಯದ ತೋಟೆಗಳ ಕಂಠದಲ್ಲಿ ಕಂದು-ನೀಲಿ ಛಾಯೆಯೊಂದು ಉಳಿದಿರುತ್ತದೆ. ತಿಳಿಯದವರು ಅದನ್ನು ಕಲೆ ಎನ್ನುತ್ತಾರೆ. ವಾಸ್ತವವಾಗಿ ಅದು ಹದಗಾಯಿಸಿದ ಗುರುತು.

ವಿದೇಶಗಳಲ್ಲಿ ರೈಫಲ್ ತೋಟೆಗಳನ್ನು ತಾವೇ ತುಂಬಿಕೊಳ್ಳುವ ಹವ್ಯಾಸಿಗಳು ಹೊಸ ಹಿತ್ತಾಳೆಯನ್ನೂ ಪರೀಕ್ಷಿಸದೆ ಬಳಸುವುದಿಲ್ಲ. ನೆಗ್ಗಿದ ಕಂಠವನ್ನು ಅಚ್ಚಿಗೆ ಕೊಟ್ಟು ದುಂಡಗಾಗಿಸುತ್ತಾರೆ. ಉದ್ದವನ್ನು ಅಳೆದು, ಹೆಚ್ಚಾದುದನ್ನು ಕತ್ತರಿಸಿ, ಅಂಚಿನ ಒರಟನ್ನು ಒಳಗೂ ಹೊರಗೂ ತೆಗೆಯುತ್ತಾರೆ. ತಳದ ತೂತಿನೊಳಗೆ ಉಳಿದ ಲೋಹದ ಚೂರನ್ನು ಕೆರೆಯುತ್ತಾರೆ. ಅಮೋನಿಯ ಬೆರೆತ ಪಾಲಿಶ್ ಹಚ್ಚಬಾರದೆಂದು ಒಬ್ಬರಿಗೊಬ್ಬರು ಎಚ್ಚರಿಸುತ್ತಾರೆ. (ನಮ್ಮಲ್ಲಿ ಪರವಾನಗಿಯಿಲ್ಲದೆ ತೋಟೆ ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯಿದೆಗೆ ವಿರುದ್ಧವೆಂಬುದನ್ನು ತರುಣ ವಾಚಕರು ಮರೆಯಬಾರದು.) ಅಜ್ಜ ಜಗಲಿಯ ಮೇಲೆ ಉಗುರಿನಿಂದ ಮಾಡುತ್ತಿದ್ದುದೂ ಬಹುಮಟ್ಟಿಗೆ ಇದನ್ನೇ ಅಲ್ಲವೆ? ಹೊಳಪು ಕಂಡು ಅವರು ಮೋಸಹೋದವರಲ್ಲ. ಆದರೆ ಒಳಗಿನ ಬಿಗುವನ್ನು ಯಾವ ಉಗುರು ಮುಟ್ಟೀತು? ಇನ್ನು ನಮ್ಮೂರಿನ ಹೆಸರಿನಲ್ಲಿರುವ ‘ದೊಡ್ಡಿ’ ಎಂದರೆ ದನಕರುಗಳನ್ನು ಕೂಡುವ ಜಾಗ. ಹಿತ್ತಾಳೆಗೆ ಸಲ್ಲದ ಸ್ಥಳವನ್ನು ಹುಡುಕುತ್ತ ಹೋಗಿದ್ದರೂ ನನಗೆ ಎಮ್ಮೆಯ ಕೊಟ್ಟಿಗೆಗಿಂತ ತಕ್ಕುದು ಸಿಗುತ್ತಿರಲಿಲ್ಲ.

ಅಜ್ಜ ತೀರಿಹೋಗಿ ಬಹಳ ವರ್ಷಗಳಾದವು. ಆ ಆಳು ಬದುಕಿದ್ದಾನೆಂದು ಕೇಳಿ, ದಸರೆಯ ರಜೆಯಲ್ಲಿ ಹುಡುಕಿಕೊಂಡು ಹೋದೆ. ಕಣ್ಣು ಮಂಜಾದ ಮುದುಕ, ಹಗ್ಗ ಹೊಸೆಯುತ್ತ ಕುಳಿತಿದ್ದ. ಡಬ್ಬಿಯ ವಿಷಯ, ಕೊಟ್ಟಿಗೆಯ ವಿಷಯ, ಗಂಜಲದ ವಿಷಯ, ಎಲ್ಲವನ್ನೂ ಹೇಳಿ, ತಪ್ಪು ನನ್ನದೆಂದೆ. ಅವನು ಹಗ್ಗದಿಂದ ಕೈ ತೆಗೆಯಲಿಲ್ಲ.

“ಗಂಜಲದ್ದು ನಂಗೆ ಗೊತ್ತಿರ್ಲಿಲ್ಲ, ಮೇಷ್ಟ್ರೆ. ಆದ್ರೆ ನಂದಲ್ಲ ಅಂತ ಅವತ್ತೇ ಗೊತ್ತಿತ್ತು. ನಾನು ಗೂಟ ಇಟ್ಟಿದ್ದು ಆರಕ್ಕೆ. ಸೀಳಿದ್ದು ಹನ್ನೊಂದು. ಎಣಿಸಿ ನೋಡೋರು ಯಾರಿದ್ರು?”

ಎರಡು ಸಂಖ್ಯೆಗಳೂ ನನಗೆ ಮೊದಲಿನಿಂದ ತಿಳಿದಿದ್ದವು.